ಹೆಸರು ಹೇಳಿ ಒಳಗೆ ಬನ್ನಿ

ಬರ್ಮಿಂಗ್‌ಹ್ಯಾಮಿನಲ್ಲಿ ನನ್ನನ್ನು ಎಂ.ಸಿ. ರತ್ನಿ ಎಂದು ಕರೆಯುತ್ತಾರೆ. ವಾರವೆಲ್ಲ ನಾನು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ನರ್ಸು. ಭಾನುವಾರ ಮಧ್ಯಾಹ್ನ ಮಾತ್ರ ಎಂ.ಸಿ. ಹಾಗಂದರೇನು ಎಂದು ಊರಿನವರು ಕೇಳಿದಾಗ, ಅಯ್ಯೋ, ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ. ಹಾಡುಗಾರ್ತಿಯಲ್ಲ ನಾನು. ಒಬ್ಬರು ರೆಕಾರ್ಡು ತಿರುಗಿಸುತ್ತಾರೆ, ಎದೆಗೂಡು ಅದುರುವಂಥ ತಾಳ ಬರುತ್ತದೆ, ಆ ತಾಳದ ಮೇಲೆ ನಾನು ಮೈಕು ಹಿಡಿದು ಪ್ರಾಸ ಕಟ್ಟಿ ಮಾತಾಡುತ್ತೇನೆ, ಬಂದವರ ಹೆಸರು ಹಿಡಿದು ಕೂಗುತ್ತೇನೆ, ಕುಣಿಯದೆ ಗೋಡೆಗೆ ಒರಗಿ ನಿಂತವರನ್ನು ಕೆಣಕುತ್ತೇನೆ. ದೊಡ್ಡ ರೇಡಿಯೋಗಳು ಮೂಸಿಯೂ ನೋಡದ ಸಂಗೀತ ಇದು. ಶುರುವಿನಲ್ಲಿ ನಾವು ಮಾಡುತ್ತಿದ್ದದ್ದು ಲೈಸೆನ್ಸಿಲ್ಲದ ರೇಡಿಯೋದಲ್ಲಿ, ಹದಿಮೂರನೇ ಮಹಡಿಯ ಒಂದು ಫ್ಲ್ಯಾಟಿನ ಅಡುಗೆಮನೆಯಲ್ಲಿ, ಸದ್ದು ಪಕ್ಕದವರಿಗೆ ಕೇಳದಿರಲೆಂದು ಗೋಡೆಗೆ ಕಂಬಳಿ ಹೊಡೆದುಕೊಂಡು. ಈಗ ಸಣ್ಣಪುಟ್ಟ ಹಾಲುಗಳಿಗೆ ಕರೆಯುತ್ತಾರೆ, ಪೋಸ್ಟರಿನಲ್ಲಿ ಹೆಸರು ಹಾಕುತ್ತಾರೆ, ಮಗಳ ವಯಸ್ಸಿನ ಹುಡುಗಿಯರು ಬಂದು 'ಆಂಟಿ, ನಮಗೂ ಕಲಿಸಿ' ಎನ್ನುತ್ತಾರೆ. ಅವರಲ್ಲೊಬ್ಬಳು ಹೋದ ವಾರ ಕೇಳಿದಳು, ಇದನ್ನೆಲ್ಲ ನೀವು ಎಲ್ಲಿ ಕಲಿತಿರಿ ಎಂದು. ಹಿಂದೂಪುರದಲ್ಲಿ, ನಮ್ಮ ಮನೆಯ ಬಾಗಿಲಲ್ಲಿ ಎಂದೆ. ತಮಾಷೆ ಎಂದುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಮನೆಗೆ ಬಂದು ಅಡುಗೆ ಮಾಡದೆ ಇದನ್ನು ಬರೆಯಲು ಕೂತೆ.

ಆ ಮನೆ ಈಗಲೂ ಕನಸಿನಲ್ಲಿ ಬರುತ್ತದೆ. ಬಂದಾಗೆಲ್ಲ ಅಲ್ಲಿ ಮಧ್ಯಾಹ್ನವೇ ಆಗಿರುತ್ತದೆ. ಉದ್ದನೆಯ ಮನೆ ಅದು. ಬೀದಿಯಿಂದ ಒಳಗೆ ಕಾಲಿಟ್ಟರೆ ಮೊದಲು ಮಗ್ಗದ ಅಂಕಣ, ಅಲ್ಲಿ ಅಪ್ಪನದೊಂದು ಚಿಕ್ಕಪ್ಪನದೊಂದು ಮಗ್ಗ. ಅದನ್ನು ದಾಟಿದರೆ ನಡುಮನೆ. ನಡುಮನೆಯ ಮಾಡಿನಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲು ಬೆಳಿಗ್ಗೆ ಅಜ್ಜಿಯ ಮಂಚದ ಕಾಲಿನ ಹತ್ತಿರ ಶುರುವಾಗಿ, ಊಟದ ಹೊತ್ತಿಗೆ ನಿಧಾನಕ್ಕೆ ಒರಳುಕಲ್ಲಿನ ತನಕ ಹೋಗುತ್ತಿತ್ತು. ನಾನು ಆ ಬಿಸಿಲಿನೊಳಗೆ ಕೈ ಇಟ್ಟು ಮಲಗಿ, ಅದು ನನ್ನ ಬೆರಳುಗಳನ್ನು ಬಿಟ್ಟು ಮುಂದೆ ಹೋಗುವುದನ್ನೇ ಕಾಯುತ್ತಾ ನಿದ್ದೆಹೋಗುತ್ತಿದ್ದೆ. ಮೇಲೆ ಗಳುವಿನ ತುಂಬ ಬಣ್ಣ ಹಾಕಿದ ರೇಷ್ಮೆಯ ಲಡಿಗಳು ತೂಗುತ್ತಿದ್ದವು. ಎಚ್ಚರವಾದಾಗ ಕೆಂಪು ಯಾವುದು, ಬಿಸಿಲು ಯಾವುದು, ನಾನು ಎದ್ದಿದ್ದೇನೋ ಇನ್ನೂ ಮಲಗಿದ್ದೇನೋ ತಿಳಿಯುತ್ತಿರಲಿಲ್ಲ. ಮಗ್ಗದ ತಾಳವೇ ನಿಮ್ಮನ್ನು ಎಂ.ಸಿ. ಮಾಡಿದ್ದು ಅಲ್ಲವೇ ಎಂದು ಬರ್ಮಿಂಗ್‌ಹ್ಯಾಮಿನ ಪತ್ರಿಕೆಯವನೊಬ್ಬ ಬಲು ಉತ್ಸಾಹದಿಂದ ಕೇಳಿದ್ದ. ಇಲ್ಲಪ್ಪ, ಮಗ್ಗದ ಸದ್ದಿಗೆ ನನಗೆ ನಿದ್ದೆ ಬರುತ್ತಿತ್ತು ಅಷ್ಟೆ. ಪಾಪ, ಅವನು ಪೆನ್ನು ಮುಚ್ಚಿಬಿಟ್ಟ.

ನನ್ನನ್ನು ಎಚ್ಚರಿಸುತ್ತಿದ್ದದ್ದು ಹಿತ್ತಲು. ಅಲ್ಲಿ ಗಂಗತ್ತೆ ಇರುತ್ತಿದ್ದಳು. ಅವಳು ಅಪ್ಪನ ತಂಗಿ, ಚಿಕ್ಕಪ್ಪನ ಅಕ್ಕ. ಮಂಡಿಯಿಂದ ಮೂಟೆಗಟ್ಟಲೆ ಬಂದ ಹುಣಸೆಹಣ್ಣನ್ನು ಚಾಪೆಯ ಮೇಲೆ ಸುರುವಿಕೊಂಡು, ಕೊಡತಿಯಲ್ಲಿ ಕುಟ್ಟಿ, ಬೀಜ ಬಿಡಿಸುವುದು ಅವಳ ಕೆಲಸ. ಅವಳ ಬೆರಳ ತುದಿಗಳು ಯಾವಾಗಲೂ ಕಂದು ಬಣ್ಣ, ಅವಳು ತಲೆ ನೇವರಿಸಿದರೆ ನನ್ನ ಕೂದಲೆಲ್ಲ ಹುಳಿವಾಸನೆ. ಅವಳನ್ನು ಕಲ್ಯಾಣದುರ್ಗಕ್ಕೆ ಮದುವೆ ಮಾಡಿಕೊಟ್ಟಿದ್ದರು. ಗಂಡನ ಹೆಸರು ಚೆನ್ನಬಸಣ್ಣ. ಮದುವೆಯಾದ ಎರಡನೇ ವರ್ಷ ಮೂರು ದಿನದ ಜ್ವರದಲ್ಲಿ ಆತ ತೀರಿಕೊಂಡಾಗ ಅಜ್ಜಿಯೇ ಹೋಗಿ ಮಗಳನ್ನು ಕರೆದುಕೊಂಡು ಬಂದಳಂತೆ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಅತ್ತೆಯ ಊಟ. ಮುದ್ದೆ, ಹುರುಳಿಕಾಳು ಸಾರು, ಒಂದು ಈರುಳ್ಳಿ ಇಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದಳು. ನಾನು ಒಂದು ಸಲ ಉಂಡಿದ್ದರೂ ಅವಳ ತಟ್ಟೆಯಿಂದ ಇನ್ನೊಂದು ತುತ್ತು ತಿನ್ನಲು ಹೋಗಿ ಕೂರುತ್ತಿದ್ದೆ, ಆ ತುತ್ತಿನ ರುಚಿಯೇ ಬೇರೆ.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮೋರು, ಅವರು, ರತ್ನಿ ಅಪ್ಪ, ಹೀಗೇ ಜೀವನವೆಲ್ಲ ಕಳೆದುಹೋಗುತ್ತದೆ. ಆದರೆ ಮದುವೆ ಮುಗಿಸಿ ಮದುಮಗಳನ್ನು ಮನೆ ತುಂಬಿಸಿಕೊಳ್ಳುವ ದಿನ ಗಂಡಿನ ಅಕ್ಕನೋ ತಂಗಿಯೋ ಹೊಸ್ತಿಲಲ್ಲಿ ಎರಡೂ ಕೈ ಚಾಚಿ ಬಾಗಿಲು ತಡೆಯುತ್ತಾಳೆ. ಹೆಸರು ಹೇಳಿ ಒಳಗೆ ಬನ್ನಿ ಎನ್ನುತ್ತಾಳೆ. ಆಗ ಹೇಳಲೇಬೇಕು. ಅದೂ ಒಣ ಹೆಸರು ನಡೆಯದು, ಪದ ಕಟ್ಟಿ ಅದರ ಕೊನೆಯ ಸಾಲಿಗೆ ಪೋಣಿಸಿ ಹೇಳಬೇಕು. ಮದುಮಗಳಿಗೆ ನಾಚಿಕೆಗೆ ಬಾಯಿ ಬರದಿದ್ದರೆ ಬಾಗಿಲಲ್ಲಿ ನಿಂತವಳೇ ಪದ ಎತ್ತಿಕೊಡುತ್ತಾಳೆ, ಇವಳು ಸಾಲು ಸಾಲಾಗಿ ಹಿಂದೆ ಹೇಳುತ್ತಾಳೆ. ಬಾಗಿಲವಳ ಬಾಯಿ ಚುರುಕಾಗಿದ್ದರೆ ಆ ಮದುವೆಯನ್ನು ಬೀದಿಯ ಜನ ವರ್ಷಗಟ್ಟಲೆ ನೆನೆಯುತ್ತಿದ್ದರು. ಹಿಂದೂಪುರದ ನಮ್ಮ ಬೀದಿಯಲ್ಲಿ ಆ ಪದಗಳನ್ನು ಕಟ್ಟುತ್ತಿದ್ದವಳು ಗಂಗತ್ತೆ. ಮದುವೆ ಮನೆಯವರು ಹಿತ್ತಲ ಕಡೆಯಿಂದ ಬರುತ್ತಿದ್ದರು. ಆಂಧ್ರದ ಊರು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಅಳಿಯನ ಹೆಸರು ಹೇಳಿ ಕೇಳುತ್ತಿದ್ದರು.

"ಗಂಗಮ್ಮಾ, ನಮ್ ಸುಶೀಲಂಗೆ ಒಂದು ಪದ ಕಟ್ಕೊಡು ತಲ್ಲಿ. ಅಲ್ಲುಡಿ ಪೇರು ತಿಪ್ಪೇಸ್ವಾಮಿ."

"ತಿಪ್ಪೇಸ್ವಾಮಿಗೆ ಪದ ಸಿಗಾಕಿಲ್ಲ ಕಣಮ್ಮ. ಹೆಣ್ಣು ಕೊಡೋಕ್ಮುಂಚೆ ನನ್ನೊಂದು ಮಾತು ಕೇಳ್ಬಾರ್ದಾಗಿತ್ತಾ?"

ಹೀಗೆ ನಗಾಡುತ್ತಲೇ, ಕೊಡತಿಯ ನಾಲ್ಕು ಏಟು ಬೀಳುವುದರೊಳಗೆ ಪದ ತಯಾರಾಗಿರುತ್ತಿತ್ತು. ಬಂದವರು ಅದನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಮದುವೆಯ ದಿನ ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಗಂಡ ಸತ್ತವಳು ಹೊಸ ಮದುಮಗಳ ಎದುರು ಬರಬಾರದಲ್ಲ. ಅವಳು ಕಟ್ಟಿದ ಪದ ಬೇಕು, ಅವಳ ಮುಖ ಬೇಡ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಆಗ ಉರಿಯಲಿಲ್ಲ, ಆಗ ಅದೆಲ್ಲ ಮಾಮೂಲು ಎಂದುಕೊಂಡಿದ್ದೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಮಂಜುನಾಥ ಚಿಕ್ಕಪ್ಪನ ಮದುವೆ ಗೊತ್ತಾಯಿತು. ಹೆಣ್ಣು ಕಲ್ಯಾಣದುರ್ಗದ್ದೇ, ಹೆಸರು ಸುಜಾತ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಬಾಗಿಲು ತಡೆಯುವವರು ಯಾರು ಎಂಬ ಮಾತು ಬಂತು. ಗಂಡಿಗೆ ಇದ್ದವಳು ಒಬ್ಬಳೇ ಅಕ್ಕ.

"ಗಂಗಾನೇ ನಿಂತ್ಕಳ್ಳಿ ಬಿಡವ್ವ," ಎಂದ ಅಪ್ಪ.

"ಏನ್ ಮಾತೂಂತ ಆಡ್ತೀಯೋ? ಅವ್ಳು ಬಾಗ್ಲಾಗೆ ನಿಂತ್ರೆ ಹೆಣ್ಣಿನ ಕಡೇರು ನಮ್ ಹೊಸ್ಲು ತುಳೀತಾರೇನೋ?"

"ಮಂಜನ್ನ ಎತ್ತಾಡ್ಸಿ ಬೆಳಸ್ದೋಳು ಅವ್ಳು."

"ನಂಗೊತ್ತಿಲ್ವಾ ಅದು? ನಾನು ಹೆತ್ತಿಲ್ವಾ ಅವ್ಳನ್ನ? ಅವ್ಳಿಗೆ ನಾನೇನು ಶತ್ರುವೇನೋ?"

ಅಜ್ಜಿ ತಟ್ಟೆ ಪಕ್ಕಕ್ಕೆ ನೂಕಿ ಅಳಲು ಶುರು ಮಾಡಿದಳು. ಅಮ್ಮ ತಲೆ ಬಗ್ಗಿಸಿದಳು. ಮದುವೆ ಗಂಡು ಚಿಕ್ಕಪ್ಪ ಈರುಳ್ಳಿಯನ್ನು ಸುಮ್ಮನೆ ಬಿಡಿಸುತ್ತಾ ಕೂತ. ಬಡಿಸುತ್ತಿದ್ದ ಅತ್ತೆ ಅಪ್ಪನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು ಹೇಳಿದಳು:

"ಅದ್ಯಾಕೆ ಜಗಳ? ನಮ್ ರತ್ನಿ ನಿಂತ್ಕಳ್ಳಿ. ಅವ್ಳೂ ಈ ಮನೆ ಹೆಣ್ಮಗ್ಳೇ ಅಲ್ವಾ? ಪದ ನಾನು ಹೇಳ್ಕೊಡ್ತೀನಿ. ಒಳ್ಗಿದ್ದು ಕೇಳಿಸ್ಕಂಡ್ರೆ ನಂಗೆ ಸಾಕು."

ಎಲ್ಲರೂ ಹಗುರಾದರು. ಆ ಸಂಜೆ ಹಿತ್ತಲಲ್ಲಿ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡು, ಮಂಜನ ಮದುವೆಯಲ್ಲಿ ಬಾಗಿಲು ತಡೆಯಬೇಕು ಎಂದು ಅವನು ತೊಟ್ಟಿಲಲ್ಲಿದ್ದಾಗಿನಿಂದ ಆಸೆ ಇಟ್ಟುಕೊಂಡಿದ್ದೆ ಎಂದಳು. ನಾನು ನಿಂತರೂ ಅವಳು ನಿಂತಂತೆಯೇ ಎಂದಳು. ನಾನು ಹೂಂ ಎಂದೆ. ಯಾರಿಗೋಸ್ಕರವಾದರೂ ಏನನ್ನಾದರೂ ಮಾಡುತ್ತೇನೆಂದು ನಾನು ಒಪ್ಪಿಕೊಂಡದ್ದು ಅದೇ ಮೊದಲು. ಖುಷಿಗೆ ನನಗೆ ರಾತ್ರಿಯ ಮುದ್ದೆಯೂ ಇಳಿಯಲಿಲ್ಲ.

ಒಂದು ತಿಂಗಳು ಪಾಠ ನಡೆಯಿತು. ಸ್ಕೂಲಿನಿಂದ ಬಂದವಳೇ ಚೀಲ ಬಿಸಾಕಿ ಹುಣಸೆಹಣ್ಣಿನ ಚಾಪೆಯ ಆಚೆ ತುದಿಯಲ್ಲಿ ನಿಲ್ಲಬೇಕು, ಕೈ ಚಾಚಬೇಕು, ಹೇಳಬೇಕು. ಅತ್ತೆ ತಲೆಯೆತ್ತದೆ ಬೀಜ ಬಿಡಿಸುತ್ತಲೇ ತಿದ್ದುತ್ತಿದ್ದಳು.

"ಉಸ್ರು ಮೊದ್ಲೇ ತುಂಬ್ಕೊ. ನಡುವ್ನಾಗೆ ಎಳ್ಕಂಡ್ರೆ ಜನ ನಿನ್ ಮಾತು ಕಿತ್ಕಂಡ್ಬುಡ್ತಾರೆ."

"ಹೂಂ."

"ಹೆಸ್ರು ಬರೋಕ್ಮುಂಚೆ ಒಂಚೂರು ನಿಲ್ಲು. ಎಲ್ರೂ ಬಾಯ್ ತಕ್ಕಂಡು ಕಾಯ್ತಾರೆ. ಆಗ ಬಿಡು. ಮೆತ್ತಗೆ ಬಿಡ್ಬ್ಯಾಡ, ಬೀದಿ ಆ ತುದೀಗೆ ಕೇಳ್ಬೇಕು."

ಇವತ್ತು ಬರ್ಮಿಂಗ್‌ಹ್ಯಾಮಿನ ಹುಡುಗಿಯರಿಗೆ ನಾನು ಇಂಗ್ಲಿಷಿನಲ್ಲಿ ಹೇಳಿಕೊಡುವುದು ಇದನ್ನೇ, ಒಂದಕ್ಷರ ಹೆಚ್ಚಿಲ್ಲ. ಸುಜಾತಳಿಗೆಂದು ಅತ್ತೆ ಕಟ್ಟಿದ್ದ ಪದ ಇದು:

ಕಲ್ಯಾಣದುರ್ಗದ ಕಡ್ಲೇಕಾಯಿ, ಹಿಂದೂಪುರದ ಬೆಲ್ಲ,
ಎರಡೂ ಸೇರ್ದ ಉಂಡೆ ತಿಂದು ಬ್ಯಾಡ ಅಂದೋರಿಲ್ಲ,
ನಮ್ಮ ಮಂಜುನಾಥ್ರಿಗೆ ಸಮ ಈ ಬೀದೀಲಿ ಯಾರೂ ಇಲ್ಲ.

ಈ ಪದಕ್ಕೆ ಇನ್ನೊಂದು ಕಥೆಯೂ ಇದೆ. ಅನಂತಪುರದಲ್ಲಿ ನರ್ಸಿಂಗ್ ಓದಿ, ಕೆಲಸ ಸಿಕ್ಕಿ ಇಂಗ್ಲೆಂಡಿಗೆ ಹೋದ ಎರಡನೇ ವರ್ಷ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಡೆನೀಸ್ ಒಂದು ಭಾನುವಾರ ನನ್ನನ್ನು ಆ ಹದಿಮೂರನೇ ಮಹಡಿಯ ಫ್ಲ್ಯಾಟಿಗೆ ಕರೆದುಕೊಂಡು ಹೋದಳು. ರೆಕಾರ್ಡು ತಿರುಗಿಸುತ್ತಿದ್ದವಳು ಅವಳೇ. ಆವತ್ತು ಅವಳ ಎಂ.ಸಿ. ಕೈಕೊಟ್ಟಿದ್ದ. ಡ್ಯೂಟಿಯಲ್ಲಿ ನಿನ್ನ ಬಾಯಿ ಮುಚ್ಚುವುದೇ ಇಲ್ಲ, ಇಲ್ಲೂ ಒಂದಿಷ್ಟು ಮಾತಾಡು ಎಂದು ನನ್ನ ಕೈಗೆ ಮೈಕು ತುರುಕಿದಳು. ಕಂಬಳಿ ಹೊಡೆದ ಆ ಅಡುಗೆಮನೆ ತಾಳಕ್ಕೆ ಗುಮ್ಮೆನ್ನುತ್ತಿತ್ತು, ಸಿಂಕಿನಲ್ಲಿದ್ದ ಚಮಚಗಳು ಕುಣಿಯುತ್ತಿದ್ದವು, ನನಗೆ ಬರುತ್ತಿದ್ದ ಇಂಗ್ಲಿಷೆಲ್ಲ ಎಲ್ಲಿಗೋ ಓಡಿಹೋಯಿತು. ಬಾಯಿಗೆ ಬಂದದ್ದು ಕಡ್ಲೇಕಾಯಿ ಬೆಲ್ಲ. ಮೂರು ಸಾಲು ಮುಗಿಯುವುದರೊಳಗೆ ಡೆನೀಸಳ ಫೋನಿಗೆ ಮೆಸೇಜುಗಳು ಬೀಳತೊಡಗಿದವು, ಇದು ಯಾವ ಭಾಷೆ, ಯಾರವಳು ಎಂದು. ಮುಂದಿನ ಭಾನುವಾರ ಮತ್ತೆ ಹೋದೆ. ಇಪ್ಪತ್ತು ವರ್ಷದಿಂದ ಹೋಗುತ್ತಲೇ ಇದ್ದೇನೆ. ಇಬ್ಬರು ಎಂ.ಸಿ.ಗಳು ಎದುರುಬದುರು ನಿಂತು ಪ್ರಾಸದಲ್ಲಿ ಬೈದಾಡುವ ಪಂದ್ಯಗಳಿರುತ್ತವೆ, ಅಲ್ಲಿ ಗಡ್ಡದ ಗಂಡಸರು ನನ್ನ ಸೀರೆ ನೋಡಿ ಹಾಸ್ಯ ಮಾಡಿದ್ದುಂಟು. ಅವರು ಉಸಿರು ಎಳೆದುಕೊಳ್ಳುವ ಜಾಗ ನೋಡಿಕೊಂಡು ಅಲ್ಲೇ ಮಾತು ಕಿತ್ತುಕೊಳ್ಳುತ್ತೇನೆ.

ಮದುವೆಯ ಹಿಂದಿನ ವಾರಕ್ಕೆ ಬರುತ್ತೇನೆ. ಅತ್ತೆ ನನಗೆ ಹೇಳಿಕೊಟ್ಟ ಪದವಲ್ಲದೆ ಇನ್ನೊಂದು ಪದವಿತ್ತು. ಅದನ್ನು ಅವಳು ಯಾರಿಗೂ ಹೇಳಿಕೊಟ್ಟದ್ದಲ್ಲ. ಮಧ್ಯಾಹ್ನ ಮನೆಯವರೆಲ್ಲ ಮಲಗಿದ ಮೇಲೆ, ನಾನೂ ಬೆಳಕಿಂಡಿಯ ಕೆಳಗೆ ಮಲಗಿದ್ದೇನೆ ಎಂದುಕೊಂಡು, ಹುಣಸೆಬೀಜದ ಮುಂದೆ ಕೂತು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಆ ಪದ ಕೇಳಿದರೆ ಎಲ್ಲೋ ತೇಲಿಹೋದಂತೆ ಆಗುತ್ತಿತ್ತು, ಅಳು ಬಂದಂತೆಯೂ ಆಗುತ್ತಿತ್ತು. ಅದು ಕಡ್ಲೇಕಾಯಿ ಬೆಲ್ಲಕ್ಕಿಂತ ಎಷ್ಟೋ ಚೆನ್ನಾಗಿದೆ ಎಂದು ಆ ವಯಸ್ಸಿಗೂ ನನಗೆ ಗೊತ್ತಿತ್ತು.

ಕಲ್ಯಾಣದುರ್ಗದ ಬೆಟ್ಟದ ಮ್ಯಾಲೆ ಮೋಡ ಕಟ್ಟೈತೆ ಸಣ್ಣ,
ಬತ್ತೈತೋ ಬರಾಕಿಲ್ವೋ ತಿಳೀದು, ಆಕಾಶ ಒಂದೇ ಬಣ್ಣ,
ಬಂದ್ರೆ ಮಳೆಗೂ ಮುಂಚೆ ಬರೋರು ನಮ್ಮ ಚೆನ್ನಬಸಣ್ಣ.

ಮದುವೆ ಕಲ್ಯಾಣದುರ್ಗದಲ್ಲಿ ನಡೆಯಿತು. ಮನೆ ತುಂಬಿಸಿಕೊಳ್ಳಲು ಅಣಿಮಾಡಬೇಕೆಂದು ಅಮ್ಮ, ಅತ್ತೆ, ನಾನು ಹಿಂದೂಪುರದಲ್ಲೇ ಉಳಿದೆವು. ಮಾರನೇ ದಿನ ಬಿಸಿಲೇರುವ ಹೊತ್ತಿಗೆ ಮದುವೆ ದಿಬ್ಬಣದ ಬಸ್ಸು ಬೀದಿಗೆ ಬಂತು. ಅತ್ತೆ ನನಗೆ ಎರಡು ಜಡೆ ಹಾಕಿ, ಕನಕಾಂಬರ ಮುಡಿಸಿ, ಕೆನ್ನೆ ಹಿಂಡಿ, ಓಡಿಹೋಗಿ ನಡುಮನೆಯ ಕದದ ಹಿಂದೆ ನಿಂತಳು. ಓಲಗದವರು ಊದುತ್ತಾ ಬಂದರು. ಅಮ್ಮ ಆರತಿ ಎತ್ತಿದಳು. ನಾನು ಹೊಸ್ತಿಲಲ್ಲಿ ಕೈ ಚಾಚಿ, ಬೀದಿಯ ಆ ತುದಿಗೆ ಕೇಳುವಂತೆ, ಹೆಸರು ಹೇಳಿ ಒಳಗೆ ಬನ್ನಿ ಎಂದೆ. ಜನ ಹೋ ಎಂದರು. ಚಿಕ್ಕಪ್ಪ ಗಡಬಡಿಸಿ ಎರಡು ಸಾಲು ಒದರಿ ಹೆಂಡತಿಯ ಹೆಸರು ಹೇಳಿಬಿಟ್ಟ. ಈಗ ಸುಜಾತಳ ಸರದಿ. ಅವಳಿಗೆ ಹತ್ತೊಂಬತ್ತಿರಬೇಕು. ಬಾಸಿಂಗದ ಕೆಳಗೆ ಬೆವರು ಇಳಿಯುತ್ತಿತ್ತು. ಪೇರು ಚೆಪ್ಪಮ್ಮಾ, ಹೆಸರು ಹೇಳಮ್ಮಾ ಎಂದು ಎಲ್ಲರೂ ಕೂಗತೊಡಗಿದರು. ಅವಳ ಕಣ್ಣು ತುಂಬಿತು.

"ಚಿಕ್ಕಮ್ಮ, ನಾನು ಎತ್ಕೊಡ್ತೀನಿ. ನನ್ ಹಿಂದೆ ಹೇಳಿ," ಎಂದೆ.

ಓಲಗ ನಿಂತಿತು. ಬೀದಿಗೆ ಬೀದಿಯೇ ಸುಮ್ಮನಾಯಿತು. ನನ್ನ ಬಾಯಿಯನ್ನೇ ನೋಡುತ್ತಾ ಅಷ್ಟು ಜನ ಸುಮ್ಮನೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ತಲೆ ಹಗುರಾಗಿ, ಕಾಲು ನೆಲದ ಮೇಲಿಲ್ಲ ಎನ್ನಿಸಿತು. ಉಸಿರು ತುಂಬಿಕೊಂಡು 'ಕಲ್ಯಾಣದುರ್ಗದ' ಎಂದೆ. ಮುಂದೆ ಕಡ್ಲೇಕಾಯಿ ಬರಬೇಕಿತ್ತು. ಬೆಟ್ಟ ಬಂತು. ಬೆಟ್ಟದ ಮ್ಯಾಲೆ ಮೋಡ ಬಂತು. ಸುಜಾತ ಹಿಂದೆ ಹೇಳಿದಳು. ಎರಡನೇ ಸಾಲಿಗೆ ಬಂದಾಗ ನಾನು ತಪ್ಪು ಪದ ಹಿಡಿದಿದ್ದೇನೆ ಎಂದು ನನಗೆ ಗೊತ್ತಾಯಿತು. ಆದರೆ ಪದ ನನ್ನ ಕೈಯಲ್ಲಿರಲಿಲ್ಲ, ಅದು ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಹೆಸರಿಗೆ ಮುಂಚೆ ಅತ್ತೆ ಹೇಳಿಕೊಟ್ಟಂತೆಯೇ ಒಂಚೂರು ನಿಂತೆ. ಎಲ್ಲರೂ ಬಾಯಿ ತೆರೆದು ಕಾದರು. ಬಿಟ್ಟೆ. ಆ ಬಡಪಾಯಿ ಹುಡುಗಿ, ಕೊನೆಗೂ ಧೈರ್ಯ ಬಂದವಳಂತೆ ತಲೆಯೆತ್ತಿ, ನನಗಿಂತ ಗಟ್ಟಿಯಾಗಿ ಹೇಳಿದಳು: "ನಮ್ಮ ಚೆನ್ನಬಸಣ್ಣ."

ಕಲ್ಯಾಣದುರ್ಗದಿಂದ ಬಂದಿದ್ದ ಹೆಣ್ಣಿನ ಸೋದರಮಾವನಿಗೆ ಆ ಹೆಸರಿನವನು ಗೊತ್ತಿತ್ತು.

"ಎವರಿದಿ ಈ ಪೇರು? ಚಚ್ಚಿನೋಡಿ ಪೇರು ಕದಾ ಇದಿ!"

ಸತ್ತವನ ಹೆಸರು ಎಂದು ಅವನು ಕಿರುಚಿದ ತೆಲುಗು ಅರ್ಥವಾಗದವರು ಅಲ್ಲಿ ಒಬ್ಬರೂ ಇರಲಿಲ್ಲ. ಸುಜಾತ ಎರಡೂ ಕೈಯಲ್ಲಿ ಹೊಸ ತಾಳಿಯನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಯಾರೋ ನೀರು ತಂದು ಹೊಸ್ತಿಲಿಗೆ ಸುರಿದರು. ಅಜ್ಜಿ ಜನರನ್ನು ನೂಕಿಕೊಂಡು ಒಳಗೆ ಹೋಗಿ ಅತ್ತೆಯ ತೋಳು ಹಿಡಿದು ಎಳೆದುಕೊಂಡು ಬಂದಳು. ಆರು ವರ್ಷದಲ್ಲಿ ಮೊದಲ ಸಲ ಅತ್ತೆ ಒಂದು ಶುಭಕಾರ್ಯದ ಬಾಗಿಲಿಗೆ ಬಂದದ್ದು ಹಾಗೆ.

"ನೀನೇನೇ ಹೇಳ್ಕೊಟ್ಟಿದ್ದು? ಕೂಸಿನ ಬಾಯಾಗೆ ನೀನೇನೇ ಇಟ್ಟಿದ್ದು ಇದ್ನ?"

ಅತ್ತೆ ನನ್ನ ಕಡೆ ಒಂದು ಸಲ ನೋಡಿದಳು. ನನ್ನ ಕೈಗಳು ಇನ್ನೂ ಚಾಚಿಯೇ ಇದ್ದವು. ಇಲ್ಲ ಅಜ್ಜಿ, ನಾನೇ ಕದ್ದು ಕೇಳಿ ಕಲಿತದ್ದು. ಇಷ್ಟು ಹೇಳಿದ್ದರೆ ಆಗಿತ್ತು. ನನಗೆ ಎರಡು ಏಟು ಬೀಳುತ್ತಿತ್ತು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ.

"ಹೂ ಕಣವ್ವ. ನಾನೇ. ತಪ್ಪಾಯ್ತು," ಎಂದಳು ಅತ್ತೆ.

ಆಮೇಲೆ ಅಮ್ಮ ಸರಿಯಾದ ಪದ ಎತ್ತಿಕೊಟ್ಟಳು, ಸುಜಾತ ಅಳುತ್ತಲೇ ಹೇಳಿ ಒಳಗೆ ಬಂದಳು. ಹೋಳಿಗೆ ಬಡಿಸಿದರು, ಜನ ಮಾತಾಡದೆ ಉಂಡರು. ಆ ಹೆಂಗಸು ಇರುವ ಮನೆಯಲ್ಲಿ ನಮ್ಮ ಹುಡುಗಿ ಇರುವುದಿಲ್ಲ ಎಂದು ಸೋದರಮಾವ ಹಠ ಹಿಡಿದ. ಅಪ್ಪ ಕೂಗಾಡಿದ, ಚಿಕ್ಕಪ್ಪ ಅಂಗಲಾಚಿದ. ಕೊನೆಗೆ ಅಜ್ಜಿಯೇ, ಗಂಗೆಯ ಅತ್ತೆ ಕಲ್ಯಾಣದುರ್ಗದಲ್ಲಿ ಒಬ್ಬಳೇ ಇದ್ದಾಳೆ, ಅವಳನ್ನು ನೋಡಿಕೊಂಡು ಅಲ್ಲೇ ಇರಲಿ ಎಂದಳು. ಮೂರನೇ ದಿನ ಬೆಳಿಗ್ಗೆ ಅಪ್ಪ ಅವಳ ಟ್ರಂಕು ಹೊತ್ತುಕೊಂಡ. ಅತ್ತೆ ನನ್ನ ಗಲ್ಲ ಹಿಡಿದು, ಚೆನ್ನಾಗಿ ಹೇಳಿದೆ ಕಣಮ್ಮಿ, ಉಸಿರು ಎಲ್ಲೂ ತಪ್ಪಲಿಲ್ಲ ಎಂದಳು. ನಾನು ಆಗಲೂ ಬಾಯಿ ಬಿಡಲಿಲ್ಲ.

ಆಮೇಲಿನ ತಿಂಗಳುಗಳು ನನಗೆ ಮಂಜಿನಲ್ಲಿದ್ದಂತೆ ನೆನಪಿವೆ. ಬಿಸಿಲು ಮಂಚದ ಕಾಲಿನಿಂದ ಒರಳುಕಲ್ಲಿನ ತನಕ ಹೋಗುತ್ತಿತ್ತು, ಹಿತ್ತಲಲ್ಲಿ ಸದ್ದಿರಲಿಲ್ಲ. ನಾನು ಮಾತಾಡುವುದು ಬಿಟ್ಟೆ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೆ. ಸ್ಕೂಲಿನಲ್ಲಿ ಮೇಷ್ಟ್ರು ಪಾಠ ಓದು ಎಂದರೆ ನಿಂತುಕೊಂಡೇ ಇರುತ್ತಿದ್ದೆ. ಅಜ್ಜಿ ದೃಷ್ಟಿ ತೆಗೆಸಿದಳು, ತಾಯತ ಕಟ್ಟಿಸಿದಳು. ಹೇಳಬೇಕಾಗಿದ್ದ ಆ ಒಂದು ಮಾತು ಗಂಟಲಲ್ಲಿ ಕೂತುಕೊಂಡು ಬೇರೆ ಮಾತಿಗೆ ದಾರಿ ಬಿಡುತ್ತಿರಲಿಲ್ಲ. ಸುಜಾತ ಚಿಕ್ಕಮ್ಮ ಒಳ್ಳೆಯವಳು. ಬೇಸಿಗೆ ರಜೆ ಬಂದಾಗ ಅವಳೇ ಅಪ್ಪನಿಗೆ ಹೇಳಿದಳು:

"ಮಗೂನ ಒಂದ್ಸಲ ಅವ್ರತ್ತೆ ಹತ್ರ ಕರ್ಕಂಡೋಗಿ ಬನ್ನಿ ಬಾವ. ಇದು ತಾಯತಕ್ಕೆ ಬಗ್ಗೋದಲ್ಲ."

ಕಲ್ಯಾಣದುರ್ಗದ ಬಸ್ಸು ಮಡಕಶಿರಾ ದಾಟಿ, ಪಾವಗಡದಲ್ಲಿ ಕರ್ನಾಟಕಕ್ಕೆ ಹೋಗಿ, ಮತ್ತೆ ಆಂಧ್ರಕ್ಕೆ ಬರುತ್ತದೆ. ಕಿಟಕಿಯಾಚೆ ಬಂಡೆ, ಜಾಲಿ, ಬಂಡೆ, ಜಾಲಿ. ನಾನು ಅಪ್ಪನ ತೊಡೆಯ ಮೇಲೆ ಮಲಗಿ, ಏನು ಹೇಳಬೇಕೆಂದು ನೂರು ಸಲ ಹೇಳಿಕೊಂಡೆ. ಅತ್ತೆಯ ಮನೆ ಬೆಟ್ಟದ ಕಡೆಯ ಒಂದು ಓಣಿಯಲ್ಲಿತ್ತು, ಒಂದು ಕೋಣೆ, ಮುಂದೊಂದು ಜಗಲಿ. ಒಳಗೆ ಮಂಚದ ಮೇಲೆ ಅವಳ ಅತ್ತೆ, ಚೆನ್ನಬಸಣ್ಣನ ತಾಯಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಕೆಗೆ ಕಿವಿ ಮಂದ. ಮಗ ಹೋದ ಮೇಲೆ ಯಾರೊಂದಿಗೂ ಮಾತಿಲ್ಲವಂತೆ, ಎಬ್ಬಿಸಿ ಕೂರಿಸಿದರೆ ಮಾತ್ರ ಏಳುತ್ತಾಳಂತೆ. ಗಂಗತ್ತೆ ಸೊರಗಿದ್ದಳು. ಬೆರಳಿನ ಕಂದುಬಣ್ಣ ಹೋಗಿತ್ತು. ನನ್ನನ್ನು ನೋಡಿ, ಬಂದ್ಬುಟ್ಯಾ ನಮ್ಮವ್ವ ಎಂದು ಎತ್ತಿಕೊಳ್ಳಲು ಹೋಗಿ, ಭಾರ ತಡೆಯದೆ ನಕ್ಕಳು. ಮುದ್ದೆ, ಕಡ್ಲೇಕಾಯಿ ಚಟ್ನಿ ಬಡಿಸಿದಳು. ಉಂಡ ಮೇಲೆ ಅಪ್ಪ ಬೀಗರ ಮನೆಗೆ ಹೋದ. ನಾವಿಬ್ಬರೂ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಡ್ಲೇಕಾಯಿ ಸುಲಿಯುತ್ತಾ ಕೂತೆವು.

"ಅತ್ತೆ, ಆ ಪದ ನೀನು ಹೇಳ್ಕೊಟ್ಟಿದ್ದಲ್ಲ."

"ಹೂ, ಗೊತ್ತು."

"ನಾನು ಕದ್ದು ಕೇಳಿಸ್ಕಂಡಿದ್ದು. ಮಲಗ್ದಂಗೆ ನಾಟ್ಕ ಮಾಡಿ."

"ಅದೂ ಗೊತ್ತು ಕಣೆ. ಅದಕ್ಯಾಕೆ ಅಳ್ತೀಯ?"

"ನಾನು ಹೇಳ್ಲಿಲ್ಲ. ನಿನ್ನ ಕಳಿಸ್ಬುಟ್ರು."

ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು.

"ಕಳಿಸ್ಬುಟ್ರು, ನಿಜ. ಸಿಟ್ಟು ಬಂತು ನಿನ್ ಮ್ಯಾಲೆ, ಸುಳ್ಳ್ಯಾಕೆ ಹೇಳ್ಲಿ? ಪಾವಗಡದ ತಂಕ ನಿನ್ನ ಬೈಕಂಡೇ ಬಂದೆ. ಆಮ್ಯಾಲೆ ನೋಡ್ದೆ. ಅವ್ರು ಹೋಗಿ ಆರು ವರ್ಸ ಆಗಿತ್ತು. ಯಾರಾನಾ ಒಬ್ರು ಅವ್ರ ಹೆಸ್ರು ಬಾಯ್ಬುಟ್ಟು ಹೇಳಿದ್ರಾ? ನಾನೇ ಕಳ್ಳಿ ಹಂಗೆ ಹುಣ್ಸೆಬೀಜಕ್ಕೆ ಹೇಳ್ಕಂತಿದ್ದೆ. ಆವತ್ತು ಓಲಗ ನಿಲ್ಸಿ, ಊರೆಲ್ಲ ಕೇಳೋ ಹಂಗೆ, ನಮ್ಮಪ್ಪನ ಮನೆ ಬಾಗ್ಲಾಗೆ..." ಅವಳು ಮೊರದಿಂದ ಇನ್ನೊಂದು ಕಾಯಿ ತೆಗೆದುಕೊಂಡಳು. "ಕದದ ಹಿಂದೆ ನಿಂತಿದ್ದೋಳು ಗೋಡೆ ಹಿಡ್ಕಂಡೆ ಕಣೆ. ಸಂತೋಷ ಆಗ್ಬುಡ್ತು ನಂಗೆ. ಅದನ್ನ ಯಾರ್ ಹತ್ರ ಹೇಳ್ಲಿ?"

ಆಮೇಲೆ ಅವಳು ಸೆರಗಿನಲ್ಲಿ ನನ್ನ ಮುಖ ಒರೆಸಿದಳು.

"ಹೇಳೆ, ಕೇಳಾನ."

ನಾನು ಮೆಲ್ಲಗೆ ಹೇಳಿದೆ. ಎಷ್ಟೋ ತಿಂಗಳಿಂದ ಬಳಸದ ಗಂಟಲು, ಸೊಳ್ಳೆ ಗುಂಯ್ ಎಂದಂತೆ ಬಂತು.

"ಇದೇನೇ ಇದು? ಹಿಂಗಾ ನಾನು ಹೇಳ್ಕೊಟ್ಟಿದ್ದು? ಎದ್ದು ನಿಂತ್ಕಂಡು ಹೇಳು."

ಎದ್ದು ನಿಂತೆ. ಎದುರಿಗೆ ಬೆಟ್ಟವಿತ್ತು, ಬಿಸಿಲಿಗೆ ಬೆಳ್ಳಗಾಗಿತ್ತು, ಮೋಡದ ಸುಳಿವಿಲ್ಲ. ಉಸಿರು ತುಂಬಿಕೊಂಡೆ. ಮೂರು ಸಾಲೂ ಬಂದವು. ಹೆಸರಿಗೆ ಮುಂಚೆ ನಿಂತೆ, ಬಿಟ್ಟೆ. ಓಣಿಯ ಕೊನೆಯಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸರು ತಿರುಗಿ ನೋಡಿದರು.

ಒಳಗೆ ಏನೋ ಬಿದ್ದ ಸದ್ದಾಯಿತು. ಅತ್ತೆ ಏಳುವಷ್ಟರಲ್ಲಿ ಮುದುಕಿ ಗೋಡೆ ಹಿಡಿದುಕೊಂಡು ತಾನೇ ಬಾಗಿಲಿಗೆ ಬಂದಿದ್ದಳು. ಕೂದಲು ಕೆದರಿತ್ತು. ಬೆಳಕಿಗೆ ಕಣ್ಣು ಬಿಡಲಾರದೆ ಕೈ ಅಡ್ಡ ಹಿಡಿದಿದ್ದಳು.

"ಬಂದ್ನಾ? ಚೆನ್ನಬಸ ಬಂದ್ನಾ?"

ಮತ್ತೆ ತಪ್ಪು ಮಾಡಿಬಿಟ್ಟೆ ಎಂದುಕೊಂಡೆ. ಅತ್ತೆ ಅವಳನ್ನು ಹಿಡಿದುಕೊಂಡು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು:

"ಇಲ್ಲತ್ತೆ. ನಮ್ಮಣ್ಣನ ಮಗ್ಳು. ಪದ ಹೇಳ್ತಾವ್ಳೆ."

"ಅವನ ಹೆಸ್ರು ಐತಾ ಅದ್ರಾಗೆ?"

"ಐತತ್ತೆ."

ಮುದುಕಿ ನಿಧಾನಕ್ಕೆ ಹೊಸ್ತಿಲ ಮೇಲೆ ಕೂತಳು. ಅತ್ತೆಯೂ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

"ಇನ್ನೊಂದ್ಸಲ ಕೂಗವ್ವ," ಎಂದಳು ಮುದುಕಿ. "ನಂಗೆ ಕಡೇದೊಂದೇ ಕೇಳಿಸ್ತು."

ನಾನು ಮೊದಲನೇ ಸಾಲಿನಿಂದ ಶುರು ಮಾಡಿದೆ.